ವಿಎಂಡಿ, ಕೈಮೆರಾಎಕ್ಸ್: ಪ್ರೋಟೀನಿನ ಚಲನೆ ನೋಡೋಕೆ ಯಾವುದು?

ಎರಡೂ ಅಣುಗಳ ರಚನೆಯನ್ನು ಪರದೆಯ ಮೇಲೆ ತೋರಿಸುವ ಪ್ರೋಗ್ರಾಮುಗಳು. ನನ್ನ ಉತ್ತರ ವಿಎಂಡಿ. ಒಂದೇ ಲ್ಯಾಪ್‌ಟಾಪಿನಲ್ಲಿ, ಒಂದೇ ಸಿಮ್ಯುಲೇಶನ್ (ಅಣುಗಳ ಚಲನೆಯನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದ) ಫೈಲನ್ನು ಎರಡರಲ್ಲೂ ಹಾಕಿ ನೋಡಿದ ಮೇಲೂ ಅದೇ ಉತ್ತರ.

ಎರಡೂ ವಿಶ್ವವಿದ್ಯಾಲಯದ ಲ್ಯಾಬಿನ ಕೂಸುಗಳು. ಹುಟ್ಟಿದ ಮನೆಯ ಗುಣ ಎರಡರಲ್ಲೂ ಉಳಿದಿದೆ. ಕೈಮೆರಾಎಕ್ಸ್‌ನ ಬೇರು ತುಂಬಾ ಹಳೆಯದು. 1960ರ ದಶಕದಲ್ಲಿ ಎಂಐಟಿಯಲ್ಲಿ ಸೈರಸ್ ಲೆವಿಂಥಾಲ್ ಮತ್ತು ಜೊತೆಗಾರರು ಬರೀ ಗೆರೆಗಳ ಅಣುವನ್ನು ಪರದೆಯ ಮೇಲೆ ತಿರುಗಿಸಿ ತೋರಿಸಿದ್ದರು. ಅವರಲ್ಲಿ ಒಬ್ಬರಾದ ರಾಬರ್ಟ್ ಲ್ಯಾಂಗ್ರಿಜ್ ಮುಂದೆ ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಗ್ರಾಫಿಕ್ಸ್ ಲ್ಯಾಬ್ ಕಟ್ಟಿದರು. ಅಲ್ಲಿ ಮೊದಲು ಮಿಡಾಸ್ ಬಂತು, ಆಮೇಲೆ ಕೈಮೆರಾ, ಈಗ ಕೈಮೆರಾಎಕ್ಸ್. ಒಂದು ರಚನೆಯನ್ನು ಚೆನ್ನಾಗಿ ತೋರಿಸುವುದೇ ಈ ಮನೆತನದ ಶಕ್ತಿ.

ವಿಎಂಡಿ ಇಲಿನಾಯ್ ವಿಶ್ವವಿದ್ಯಾಲಯದ ಕ್ಲಾಸ್ ಶುಲ್ಟನ್ ಗುಂಪಿನದು. ಅದರ ಪ್ರಬಂಧ ಬಂದದ್ದು 1996ರಲ್ಲಿ. ನ್ಯಾಮ್‌ಡಿ ಎಂಬ ಸಿಮ್ಯುಲೇಶನ್ ಪ್ರೋಗ್ರಾಮ್ ಬರೆದದ್ದೂ ಅದೇ ಗುಂಪು. ಹಾಗಾಗಿ ಇದು ಮೊದಲಿನಿಂದಲೂ ಅಣುಗಳು ಓಡಾಡುವುದನ್ನು ನೋಡಲೆಂದೇ ಬೆಳೆದದ್ದು. 2013ರಲ್ಲಿ ಇದೇ ಗುಂಪಿನವರು ಎಚ್‌ಐವಿ ಕವಚವನ್ನು 6.4 ಕೋಟಿ ಪರಮಾಣುಗಳ ಸಿಮ್ಯುಲೇಶನ್‌ಗೆ ಹಾಕಿದ್ದರು!

ಚಿತ್ರದ ಅಂದದಲ್ಲಿ ಕೈಮೆರಾಎಕ್ಸ್ ಮುಂದೆ. ಲೈಟಿಂಗ್ ಸಾಫ್ಟ್ ಅಂತ ಟೈಪ್ ಮಾಡಿದರೆ ಸಾಕು, ಪ್ರೋಟೀನಿನ ಗುಳಿಗಳಲ್ಲಿ ನೆರಳು ತುಂಬಿಕೊಳ್ಳುತ್ತದೆ. ಕ್ರಯೋ-ಇಎಂ ಮ್ಯಾಪ್ (ಹೆಪ್ಪುಗಟ್ಟಿಸಿದ ಅಣುಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ ಕಟ್ಟಿದ ನಕ್ಷೆ) ನೋಡುವವರಿಗಂತೂ ಎರಡನೇ ಮಾತೇ ಬೇಡ.

ಇನ್ನು ವಿಎಂಡಿಯ ಕಿರಿಕಿರಿ. ಪ್ರೋಟೀನನ್ನು ರಿಬ್ಬನ್ ರೂಪದಲ್ಲಿ ತೋರಿಸುವಾಗ ಎಲ್ಲಿ ಹೆಲಿಕ್ಸ್ (ಸುರುಳಿ), ಎಲ್ಲಿ ಶೀಟ್ (ಹಾಳೆಯಂಥ ಭಾಗ) ಅಂತ ಅದು ಸ್ಟ್ರೈಡ್ ಪ್ರೋಗ್ರಾಮಿನಿಂದ ಒಂದು ಸಲ ಲೆಕ್ಕ ಹಾಕಿಸುತ್ತದೆ. ಆಮೇಲೆ ಫ್ರೇಮ್ (ಚಲನೆಯ ಒಂದು ಕ್ಷಣದ ಚಿತ್ರ) ಬದಲಾದರೂ ಆ ಲೆಕ್ಕ ಬದಲಾಗುವುದಿಲ್ಲ. ಹೆಲಿಕ್ಸ್ ಪೂರ್ತಿ ಬಿಚ್ಚಿಕೊಂಡಿರುತ್ತದೆ, ಪರದೆಯಲ್ಲಿ ಮಾತ್ರ ಅದೇ ದಪ್ಪ ಪಟ್ಟಿ ಸೊಟ್ಟಗಾಗಿ ಕೂತಿರುತ್ತದೆ. ಪ್ರೋಟೀನ್ ಬಿಚ್ಚಿಕೊಳ್ಳುವುದನ್ನೇ ನೋಡಲು ಕೂತವರಿಗೆ ಇದು ಎಷ್ಟು ಮುಖ್ಯ, ಅಲ್ವಾ?

ಸೆಲೆಕ್ಷನ್ನಿನದೂ ಅದೇ ಕಥೆ. ಔಷಧದ ಅಣುವಿನಿಂದ 5 ಆಂಗ್‌ಸ್ಟ್ರಾಮ್ (ಪರಮಾಣು ಮಟ್ಟದ ಅತಿ ಚಿಕ್ಕ ಅಳತೆ) ಒಳಗಿನ ನೀರು ತೋರಿಸು ಅಂದರೆ, ಆಗ ಹತ್ತಿರ ಇದ್ದ ನೀರನ್ನೇ ಹಿಡಿದುಕೊಳ್ಳುತ್ತದೆ. ಆ ನೀರು ದೂರ ಹೋದರೂ ಕಾಣುತ್ತಲೇ ಇರುತ್ತದೆ. ಹೊಸದಾಗಿ ಹತ್ತಿರ ಬಂದದ್ದು ಕಾಣುವುದೇ ಇಲ್ಲ.

ಎರಡಕ್ಕೂ ಮದ್ದಿದೆ. ನೀರಿಗೆ, ಟ್ರಾಜೆಕ್ಟರಿ ಟ್ಯಾಬಿನಲ್ಲಿ ಪ್ರತಿ ಫ್ರೇಮಿಗೂ ಸೆಲೆಕ್ಷನ್ ಅಪ್‌ಡೇಟ್ ಮಾಡುವ ಚೌಕಕ್ಕೆ ಟಿಕ್ ಹಾಕಬೇಕು. ರಿಬ್ಬನ್ನಿಗೆ, ಟಿಕಲ್ ಕನ್ಸೋಲಿನಲ್ಲಿ (ಆಜ್ಞೆ ಟೈಪ್ ಮಾಡುವ ಕಿಟಕಿ) ಮಾಲ್ ಎಸ್‌ಎಸ್‌ರೀಕ್ಯಾಲ್ಕ್ ಟಾಪ್ ಅಂತ ಕೊಟ್ಟರೆ ಆ ಫ್ರೇಮಿನ ಲೆಕ್ಕ ಹೊಸದಾಗುತ್ತದೆ. ಪೂರ್ತಿ ಓಟಕ್ಕೆ (ಎಲ್ಲ ಫ್ರೇಮುಗಳಿಗೂ) ಎಸ್‌ಎಸ್‌ಕ್ಯಾಶ್ ಅನ್ನೋ ಸ್ಕ್ರಿಪ್ಟ್ ಸಿಗುತ್ತದೆ. ಇದನ್ನೆಲ್ಲ ಕೆದಕಿ ಸರಿಮಾಡಿಕೊಳ್ಳಬಹುದು ಅನ್ನುವುದೇ ನನಗೆ ಹಿಡಿಸಿದ್ದು.

ಶೈಕ್ಷಣಿಕ ಬಳಕೆಗೆ ಎರಡೂ ಉಚಿತ. ಖರ್ಚಾಗುವುದು ಮೆಮೊರಿ. ವಿಎಂಡಿ ಲೋಡ್ ಮಾಡಿದ ಫ್ರೇಮುಗಳನ್ನೆಲ್ಲ ಮೆಮೊರಿಯಲ್ಲೇ ಇಟ್ಟುಕೊಳ್ಳುತ್ತದೆ. ನನ್ನದು ಹಳೇ ಲ್ಯಾಪ್‌ಟಾಪ್, ಹಾಗಾಗಿ ಫೈಲ್ ಲೋಡ್ ಮಾಡುವಾಗ ಸ್ಟ್ರೈಡ್ ಅನ್ನೋ ಜಾಗದಲ್ಲಿ (ಮೇಲಿನ ಸ್ಟ್ರೈಡ್ ಪ್ರೋಗ್ರಾಮ್ ಅಲ್ಲ) 10 ಹಾಕಿ ಹತ್ತಕ್ಕೊಂದು ಫ್ರೇಮ್ ಮಾತ್ರ ತೆರೆಯುತ್ತೇನೆ. ಒಟ್ಟು ಚಲನೆ ನೋಡೋಕೆ ಅಷ್ಟು ಸಾಕು.

ನನ್ನ ದಿನದ ಕೆಲಸದಲ್ಲಿ ಓಟ ನೋಡುವುದೇ ಜಾಸ್ತಿ. ಪ್ರಬಂಧಕ್ಕೆ ಚಿತ್ರ ಬೇಕಾದಾಗ ಮಾತ್ರ ಒಂದು ಫ್ರೇಮನ್ನು ಪಿಡಿಬಿ ಫೈಲಾಗಿ (ಪರಮಾಣುಗಳ ಸ್ಥಾನ ಬರೆದಿಡುವ ಫೈಲು) ಉಳಿಸಿ, ಕೈಮೆರಾಎಕ್ಸ್‌ನಲ್ಲಿ ತೆರೆಯುತ್ತೇನೆ. ಸಿಮ್ಯುಲೇಶನ್ ತಂಟೆಯೇ ಇಲ್ಲದವರು ನೇರವಾಗಿ ಅದನ್ನೇ ಹಾಕಿಕೊಳ್ಳಿ.