ಉತ್ತರ ಬಾರದ ಜಗಳ: ‘ಯು ಆಟಾ ನೋ’ ಇರುವ ಹಳೆಯ ಸಿ.ಡಿ.

ಬಳ್ಳಾರಿಯ ಹಳೆಯ ಕ್ಯಾಸೆಟ್ಟಿನ ಅಂಗಡಿಯೊಂದರಲ್ಲಿ ನೂರು ರೂಪಾಯಿಗೆ ಸಿಕ್ಕ ‘ಜ್ಯಾಗ್ಡ್ ಲಿಟಲ್ ಪಿಲ್’ ಸಿ.ಡಿ.ಯನ್ನು ನಾನು ಕೊಂಡದ್ದು ಅದರ ಎರಡನೆಯ ಹಾಡಾದ ‘ಯು ಆಟಾ ನೋ’ಗಾಗಿ. ಕೆನಡಾದ ಗಾಯಕಿ ಅಲಾನಿಸ್ ಮಾರಿಸೆಟ್ ಈ ಆಲ್ಬಂ ಹೊರತಂದದ್ದು 1995ರಲ್ಲಿ, ಇಪ್ಪತ್ತೊಂದರ ವಯಸ್ಸಿನಲ್ಲಿ. ಅಂಗಡಿಯವರು ಸಿ.ಡಿ. ಕೈಗಿಡುತ್ತಾ, “ಬೈಗುಳದ ಹಾಡೈತ್ರಿ, ಮನ್ಯಾಗ ಸಣ್ಣಗ ಹಚ್ರಿ” ಎಂದು ಎಚ್ಚರಿಸಿದರು.

ಬೈಗುಳ ಇರುವುದು ನಿಜ. ಆದರೆ ಹಾಡು ಶುರುವಾಗುವುದು ಹಾರೈಕೆಯಿಂದ. ತನ್ನನ್ನು ಬಿಟ್ಟು ಇನ್ನೊಬ್ಬಳ ಕೈ ಹಿಡಿದವನಿಗೆ ಒಳ್ಳೆಯದಾಗಲಿ ಎನ್ನುವ ಆ ತಗ್ಗಿದ ದನಿಯಲ್ಲಿ ಹಲ್ಲು ಕಚ್ಚಿದ ಬಿಗಿ ಕೇಳಿಸುತ್ತದೆ. ಮುಂದೆ, ಊಟದ ನಡುವೆ ತೊಂದರೆ ಕೊಟ್ಟೆನೆಂದು ಸಂಕೋಚ ನಟಿಸುವ ಸಾಲು ಬಂದಾಗ, ಕೂಗಾಟಕ್ಕಿಂತ ಈ ಮರ್ಯಾದೆಯೇ ಹೆಚ್ಚು ಚುಚ್ಚುತ್ತದೆ. ಪಲ್ಲವಿಯಲ್ಲಿ ಆ ಕಟ್ಟೆ ಒಡೆಯುತ್ತದೆ.

ನಮ್ಮ ಕಡೆಯ ಪಾರಿಜಾತದಾಟದಲ್ಲಿ ಸತ್ಯಭಾಮೆ ಎಷ್ಟು ಸಿಟ್ಟಾದರೂ, ಅವಳನ್ನು ಒಲಿಸಲು ಕೃಷ್ಣನು ರಂಗಕ್ಕೆ ಬಂದೇ ಬರುತ್ತಾನೆ. ಇಲ್ಲಿ ಎದುರಿನವನಿಗೆ ಮಾತೇ ಇಲ್ಲ. ಕೇಳಿದ ಪ್ರಶ್ನೆಗೆ ಉತ್ತರ ಬಾರದಿದ್ದಾಗ ಅವಳು ಅದಕ್ಕಿಂತ ಒರಟಾದ ಇನ್ನೊಂದನ್ನು ಕೇಳುತ್ತಾಳೆ, ಹಾಡು ಬೆಳೆಯುವುದೇ ಹಾಗೆ.

ಇದನ್ನು ಫೋನಿನ ಸ್ಪೀಕರಿನಲ್ಲಿ ಕೇಳುವುದು ವ್ಯರ್ಥ. ರೆಡ್ ಹಾಟ್ ಚಿಲಿ ಪೆಪ್ಪರ್ಸ್ ರಾಕ್ ತಂಡದ ಫ್ಲೀ ನುಡಿಸಿದ ಬಾಸ್ ಗಿಟಾರ್, ದನಿಯ ಕೆಳಗೆ ಇನ್ನೊಬ್ಬರು ಗೊಣಗಿದಂತೆ ಓಡಾಡುತ್ತಿರುತ್ತದೆ. ಹೆಡ್‌ಫೋನ್ ಹಾಕಿಕೊಂಡ ಮೇಲಷ್ಟೇ ನನಗದು ಸರಿಯಾಗಿ ಕೇಳಿಸಿತು. ಕೊನೆಯ ಸುತ್ತಿನಲ್ಲಿ ಮಾತ್ರ ಡೇವ್ ನವಾರೊ ಅವರ ಗಿಟಾರ್ ದನಿಯ ಮೇಲೆ ಏರಿ ಕೂರುತ್ತದೆ, ಅದು ನನಗೆ ಹಿಡಿಸಲಿಲ್ಲ. 1996ರಲ್ಲಿ ಈ ಹಾಡಿಗೆ ಎರಡು ಗ್ರ್ಯಾಮಿ ಪ್ರಶಸ್ತಿಗಳು ಬಂದವು.

ಸಿ.ಡಿ.ಯನ್ನೇ ಕೊಳ್ಳಬೇಕೆನ್ನಲು ಕಾರಣ ಬೇರೆ ಇದೆ. ರಕ್ಷಾಪುಟದ ಪಟ್ಟಿಯಲ್ಲಿ ಹನ್ನೆರಡೇ ಹಾಡುಗಳಿದ್ದರೂ, ಕೊನೆಯಲ್ಲಿ ಇದೇ ಹಾಡು ಮತ್ತೊಮ್ಮೆ ಬಂದು ಮುಗಿದ ಬಳಿಕ, ಒಂದಿಷ್ಟು ಮೌನದಾಚೆ ಯಾವ ವಾದ್ಯವೂ ಇಲ್ಲದೆ ಅವಳೊಬ್ಬಳೇ ‘ಯುವರ್ ಹೌಸ್’ ಹಾಡುತ್ತಾಳೆ. ಕರೆಗಂಟೆ ಒತ್ತದೆ ಅವನ ಮನೆ ಹೊಕ್ಕು, ಅವನ ನಿಲುವಂಗಿ ತೊಟ್ಟು ಓಡಾಡಿದವಳಿಗೆ ಮೇಜಿನ ಮೇಲೆ ಬೇರೊಬ್ಬಳ ಪ್ರೇಮಪತ್ರ ಸಿಗುತ್ತದೆ. ನನ್ನ ಸಿ.ಡಿ. ಗೀರುಬಿದ್ದು ತಡವರಿಸುವುದು ಸರಿಯಾಗಿ ಅಲ್ಲಿಯೇ. ಬದಲಿಗೆ ಸಿನಿಮಾ ಹಾಡುಗಳದೊಂದು ಸಿ.ಡಿ. ಒಯ್ಯಿರೆಂದು ಅಂಗಡಿಯವರು ಹೇಳಿದರೂ ನಾನು ಒಪ್ಪಲಿಲ್ಲ.