ಐಆರ್‌ಸಿಟಿಸಿಯಲ್ಲಿ ಬರ್ತ್ ಆಯ್ಕೆ, ಅಪ್‌ಗ್ರೇಡ್: ಕೇಳಬಹುದು, ಕಾಣಲಾಗದು

ಕೆಎಸ್‌ಆರ್‌ಟಿಸಿ ವೆಬ್‌ಸೈಟಿನಲ್ಲಿ ಟಿಕೆಟ್ ಮಾಡಿಸುವವರಿಗೆ ಬಸ್ಸಿನ ಒಳನಕ್ಷೆಯೇ ಕಾಣುತ್ತದೆ. ಯಾವ ಸೀಟು ಖಾಲಿ, ಯಾವುದು ಹೋಗಿದೆ ಎಂದು ಬಣ್ಣದಲ್ಲಿ ತೋರಿಸುತ್ತದೆ, ಬೇಕಾದ್ದನ್ನು ಒತ್ತಿದರೆ ಆಯಿತು. ಅದೇ ಊರಿಗೆ ರೈಲಿನಲ್ಲಿ ಹೋಗೋಣವೆಂದು ಐಆರ್‌ಸಿಟಿಸಿ ತೆರೆದರೆ ಸಿಗುವುದು ‘ಅವೈಲಬಲ್ 23’ ಎಂಬ ಬರೀ ಸಂಖ್ಯೆ. ಆ 23ರಲ್ಲಿ ಲೋಯರ್ ಬರ್ತ್ ಎಷ್ಟು, ಎಲ್ಲವೂ ಒಂದೇ ಬೋಗಿಯಲ್ಲಿವೆಯೋ ಐದಾರು ಬೋಗಿಗಳಲ್ಲಿ ಚದುರಿವೆಯೋ, ಉಳಿದಿರುವುದು ಬರೀ ಅಪ್ಪರ್‌ಗಳೋ, ಹಣ ಕಟ್ಟುವ ತನಕ ಗೊತ್ತಾಗುವುದಿಲ್ಲ. 2002ರಲ್ಲಿ ಆನ್‌ಲೈನ್ ಬುಕಿಂಗ್ ಶುರುವಾಗಿದೆ. ಪಾವತಿ ವಿಧಾನಗಳು ಬದಲಾದವು, ಆ್ಯಪ್ ಬಂತು, ಆಧಾರ್ ಜೋಡಣೆ ಬಂತು. ಈ ಒಂದು ವಿಷಯ ಮಾತ್ರ ಇದ್ದಲ್ಲೇ ಇದೆ.

ಇದಕ್ಕೆ ರೈಲ್ವೆಯ ಪರವಾಗಿ ಹೇಳಬಹುದಾದ ನ್ಯಾಯವಾದ ಕಾರಣವೊಂದಿದೆ. ಬಸ್ಸಿನ ಸೀಟು ಹೆಚ್ಚಾಗಿ ಒಬ್ಬರಿಗೇ ಮಾರಾಟವಾಗುತ್ತದೆ. ರೈಲಿನ ಬರ್ತ್ ತುಂಡು ತುಂಡಾಗಿ ಹೋಗುತ್ತದೆ. ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಒಂದೇ ಬರ್ತ್ ಮೈಸೂರಿನಿಂದ ಬೆಂಗಳೂರಿಗೆ ಒಬ್ಬರದ್ದು, ಅಲ್ಲಿಂದ ಬಳ್ಳಾರಿಗೆ ಇನ್ನೊಬ್ಬರದ್ದು, ಬಳ್ಳಾರಿಯಿಂದ ಹುಬ್ಬಳ್ಳಿಗೆ ಮತ್ತೊಬ್ಬರದ್ದು ಆಗಬಹುದು. ಮೇಲಿಂದ ಜನರಲ್, ತತ್ಕಾಲ್, ಮಹಿಳಾ ಕೋಟಾ, ಹಿರಿಯ ನಾಗರಿಕರ ಕೋಟಾ ಅಂತ ಪಾಲುಗಳು. ಎಲ್ಲರಿಗೂ ಬೇಕಾದ ಬರ್ತ್ ಆರಿಸಲು ಬಿಟ್ಟರೆ ನಡುನಡುವೆ ತೂತು ಬಿದ್ದು, ಬರ್ತ್ ಇದ್ದೂ ದೂರದವರಿಗೆ ಸಿಗದಂತಾಗುತ್ತದೆ. ಹಾಗಾಗಿ ಹಂಚುವ ಕೆಲಸವನ್ನು ಕಂಪ್ಯೂಟರ್ ತನ್ನ ಕೈಯಲ್ಲೇ ಇಟ್ಟುಕೊಂಡಿದೆ. ಇದನ್ನು ಒಪ್ಪೋಣ. ಆದರೆ ‘ಅವೈಲಬಲ್ 23, ಅದರಲ್ಲಿ ಲೋಯರ್ 4’ ಎಂದು ತೋರಿಸಲು ಇದ್ಯಾವುದೂ ಅಡ್ಡಿಯಲ್ಲ. ಆರಿಸಲು ಬಿಡದಿದ್ದರೆ ಹೋಗಲಿ, ಏನು ಉಳಿದಿದೆ ಎಂದಾದರೂ ಹೇಳಬಹುದಿತ್ತು.

ಈಗ ಫಾರಂಗೆ ಬರೋಣ. ಪ್ರಯಾಣಿಕರ ಹೆಸರು, ವಯಸ್ಸಿನ ಪಕ್ಕದಲ್ಲಿ ಬರ್ತ್ ಪ್ರಿಫರೆನ್ಸ್ ಎಂಬ ಪಟ್ಟಿ ಇರುತ್ತದೆ: ಲೋಯರ್, ಮಿಡಲ್, ಅಪ್ಪರ್, ಸೈಡ್ ಲೋಯರ್, ಸೈಡ್ ಅಪ್ಪರ್, ಚೇರ್ ಕಾರಿನಲ್ಲಾದರೆ ವಿಂಡೋ. ಇದು ಮನವಿ ಅಷ್ಟೆ, ಇದ್ದರೆ ಕೊಡುತ್ತದೆ, ಇಲ್ಲದಿದ್ದರೆ ಏನೂ ಕೇಳದೆ ಬೇರೆಯದನ್ನು ಕೊಟ್ಟು ಟಿಕೆಟ್ ಮುಗಿಸುತ್ತದೆ. ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ಎಂಟರ ಒಂದು ಗುಂಪಿಗೆ ಮಾಮೂಲಿ ಲೋಯರ್ ಇರುವುದು ಎರಡೇ. ಸೈಡ್ ಲೋಯರ್ ಕೇಳಿದವರಿಗೆ ನಿರಾಸೆ ಇನ್ನೂ ಹೆಚ್ಚು, ಏಕೆಂದರೆ ಆರ್‌ಎಸಿಯವರನ್ನು (ಪೂರ್ತಿ ಬರ್ತ್ ಸಿಗದೆ ಕೂರಲು ಮಾತ್ರ ಜಾಗ ಸಿಕ್ಕವರನ್ನು) ಇಬ್ಬಿಬ್ಬರಂತೆ ಕೂರಿಸುವುದು ಅದೇ ಬರ್ತ್‌ಗಳಲ್ಲಿ. ವಂದೇ ಭಾರತ್‌ನ ಚೇರ್ ಕಾರ್‌ನಲ್ಲಿ ಸಾಲಿಗೆ 3 ಮತ್ತು 2ರಂತೆ ಐದು ಸೀಟು, ಕಿಟಕಿ ಪಕ್ಕದವು ಎರಡು. ನಾಲ್ಕು ಜನರ ಒಂದೇ ಟಿಕೆಟ್‌ನಲ್ಲಿ ನಾಲ್ವರಿಗೂ ವಿಂಡೋ ಎಂದು ಹಾಕುವುದರಲ್ಲಿ ಅರ್ಥವಿಲ್ಲ.

ನಿಜವಾಗಿ ಕೆಲಸಕ್ಕೆ ಬರುವ ಆಯ್ಕೆಗಳು ಅದರ ಕೆಳಗೆ, ಬಹಳ ಜನ ಕಣ್ಣು ಹಾಯಿಸದೆ ದಾಟುವ ಜಾಗದಲ್ಲಿವೆ. ‘ರಿಸರ್ವೇಶನ್ ಚಾಯ್ಸ್’ ಎಂಬಲ್ಲಿ ಮೂರು ಷರತ್ತುಗಳಿವೆ: ಎಲ್ಲರಿಗೂ ಒಂದೇ ಕೋಚ್‌ನಲ್ಲಿ ಸಿಕ್ಕರೆ ಮಾತ್ರ ಬುಕ್ ಮಾಡು, ಕನಿಷ್ಠ ಒಂದು ಲೋಯರ್ ಸಿಕ್ಕರೆ ಮಾತ್ರ ಮಾಡು, ಎರಡು ಲೋಯರ್ ಸಿಕ್ಕರೆ ಮಾತ್ರ ಮಾಡು. ಪ್ರಿಫರೆನ್ಸ್‌ಗೂ ಇದಕ್ಕೂ ಅಜಗಜಾಂತರ. ಷರತ್ತು ಈಡೇರದಿದ್ದರೆ ಟಿಕೆಟ್ಟೇ ಆಗುವುದಿಲ್ಲ. ಮಂಡಿನೋವಿನ ಅಮ್ಮನನ್ನು ಕರೆದುಕೊಂಡು ಹೋಗುವವರು ಬಳಸಬೇಕಾದ್ದು ಇದನ್ನೇ. ತೊಡಕು ಇಷ್ಟು: ಬರ್ತ್ ಹಂಚಿಕೆಯಾಗುವುದು ಹಣ ಕಡಿತವಾದ ಮೇಲೆ. ಷರತ್ತು ಸೋತರೆ ಆ ಹಣ ಬ್ಯಾಂಕಿಗೆ ವಾಪಸ್ ಬರಲು ಕೆಲವು ದಿನ ಹಿಡಿಯಬಹುದು, ಅಷ್ಟರಲ್ಲಿ ಎರಡನೇ ಸಲ ಕಟ್ಟಲು ಬೇರೆ ಹಣ ಕೈಯಲ್ಲಿರಬೇಕು. ಷರತ್ತು ಹಾಕಿ ಬುಕ್ ಮಾಡುವವರು ಐಆರ್‌ಸಿಟಿಸಿಯ ಇ-ವಾಲೆಟ್‌ನಿಂದ ಪಾವತಿಸುವುದು ಮೇಲು. ತತ್ಕಾಲ್‌ನಲ್ಲಿ ಷರತ್ತಿನ ತಂಟೆಗೇ ಹೋಗಬೇಡಿ. ಎಸಿಗೆ ಬೆಳಿಗ್ಗೆ 10ಕ್ಕೆ, ಸ್ಲೀಪರ್‌ಗೆ 11ಕ್ಕೆ ತೆರೆದ ಕಿಟಕಿಯಲ್ಲಿ ಒಮ್ಮೆ ಸೋತರೆ ಎರಡನೇ ಪ್ರಯತ್ನಕ್ಕೆ ಬರ್ತ್ ಉಳಿದಿರುವುದು ಅಪರೂಪ.

ಅಲ್ಲೇ ‘ಕನ್ಫರ್ಮ್ ಬರ್ತ್ ಸಿಕ್ಕರೆ ಮಾತ್ರ ಬುಕ್ ಮಾಡು’ ಎಂಬ ಚೌಕವೂ ಇದೆ. ಫಾರಂ ತುಂಬಿ, ಕ್ಯಾಪ್ಚಾ ಹೊಡೆದು, ಯುಪಿಐ ಒಪ್ಪಿಗೆ ಕೊಡುವಷ್ಟರಲ್ಲಿ ಇದ್ದ ಬರ್ತ್‌ಗಳು ಮುಗಿದುಹೋಗಿರಬಹುದು, ಏಕೆಂದರೆ ನಿಮ್ಮ ಹೆಸರಿನಲ್ಲಿ ಯಾವುದನ್ನೂ ಹಿಡಿದಿಟ್ಟಿರುವುದಿಲ್ಲ. ಚೌಕ ಖಾಲಿ ಬಿಟ್ಟಿದ್ದರೆ ವೇಟಿಂಗ್ ಲಿಸ್ಟ್ ಟಿಕೆಟ್ ಬಂದು ಕೂರುತ್ತದೆ. ಅದನ್ನು ರದ್ದು ಮಾಡಲು ತಲಾ 60 ರೂಪಾಯಿ, ಎಸಿ ಆದರೆ ಮೇಲೆ ಜಿಎಸ್‌ಟಿ. ಬುಕಿಂಗ್ ವೇಳೆ ಹಿಡಿದ ಕನ್ವೀನಿಯೆನ್ಸ್ ಫೀ ಹೇಗೂ ವಾಪಸ್ ಬರುವುದಿಲ್ಲ. ಕಾರ್ಡ್‌ನಲ್ಲಿ ಕಟ್ಟಿದರೆ ಸ್ಲೀಪರ್‌ಗೆ 15, ಎಸಿಗೆ 30 ರೂಪಾಯಿ, ಯುಪಿಐ ಆದರೆ 10 ಮತ್ತು 20, ಜಿಎಸ್‌ಟಿ ಬೇರೆ.

ಹಿರಿಯರಿಗೆ ಲೋಯರ್ ಸಿಗದಿರುವ ದೂರುಗಳಲ್ಲಿ ಹಲವು ಹುಟ್ಟುವುದು ಕೋಟಾ ಆರಿಸುವಾಗ. ರೈಲು ಹುಡುಕುವ ಮೊದಲ ಪುಟದಲ್ಲೇ ‘ಜನರಲ್’ ಇರುವ ಜಾಗದಲ್ಲಿ ‘ಲೋಯರ್ ಬರ್ತ್/ಸೀನಿಯರ್ ಸಿಟಿಜನ್’ ಎಂಬ ಆಯ್ಕೆ ಇದೆ. 60 ದಾಟಿದ ಗಂಡಸರು, 45 ದಾಟಿದ ಹೆಂಗಸರು, ಗರ್ಭಿಣಿಯರು ಇದಕ್ಕೆ ಅರ್ಹರು. ಸ್ಲೀಪರ್ ಕೋಚ್‌ಗೆ 6–7, ಥರ್ಡ್ ಎಸಿಗೆ 4–5, ಸೆಕೆಂಡ್ ಎಸಿಗೆ 3–4 ಲೋಯರ್‌ಗಳನ್ನು ಇದಕ್ಕೆಂದೇ ತೆಗೆದಿಟ್ಟಿರುತ್ತಾರೆ. ಆದರೆ ಟಿಕೆಟ್‌ನಲ್ಲಿ ಒಬ್ಬರು ಅಥವಾ ಹೆಚ್ಚೆಂದರೆ ಇಬ್ಬರಿರಬೇಕು, ಇಬ್ಬರೂ ಅರ್ಹರಿರಬೇಕು. ಅಜ್ಜ, ಅಜ್ಜಿಯ ಜೊತೆಗೆ ಮೊಮ್ಮಗನ ಹೆಸರನ್ನೂ ಸೇರಿಸಿದಿರೋ, ಈ ಕೋಟಾದ ಹಕ್ಕು ಹೋಯಿತು.

ಹಾಗಾಗಿ ಕುಟುಂಬ ಸಮೇತ ಹೋಗುವವರು ಎರಡು ಟಿಕೆಟ್ ಮಾಡಬೇಕು. ಮೊದಲು ಹಿರಿಯರದ್ದನ್ನು ಈ ಕೋಟಾದಲ್ಲಿ ಮುಗಿಸಿ, ಬಂದ ಕೋಚ್ ಸಂಖ್ಯೆ ನೋಡಿಕೊಳ್ಳಿ. ಎಸ್5 ಬಂದಿದ್ದರೆ, ಉಳಿದವರ ಜನರಲ್ ಕೋಟಾದ ಟಿಕೆಟ್ ತುಂಬುವಾಗ ‘ಪ್ರಿಫರ್ಡ್ ಕೋಚ್’ ಜಾಗದಲ್ಲಿ ಎಸ್5 ಎಂದು ಹಾಕಿ. ಇದೂ ಮನವಿಯೇ, ಆದರೆ ಮುಂಗಡ ಬುಕಿಂಗ್ ತೆರೆದ ಹೊಸತರಲ್ಲಿ ಕೇಳಿದರೆ ಸಿಗುವ ಸಂಭವ ಚೆನ್ನಾಗಿರುತ್ತದೆ. 2024ರ ನವೆಂಬರ್‌ನಿಂದ ಮುಂಗಡ ಅವಧಿ 120 ದಿನದಿಂದ 60ಕ್ಕೆ ಇಳಿದಿದೆ, ಲೆಕ್ಕ ಹಾಕುವಾಗ ನೆನಪಿರಲಿ. ಕೋಟಾದ ಹೆಸರನ್ನು ಫಾರಂನಲ್ಲಿ ವಯಸ್ಸು ತುಂಬಿದ ಕೂಡಲೇ ವೆಬ್‌ಸೈಟ್ ತಾನಾಗಿ ಸೂಚಿಸಬೇಕಿತ್ತು. ಅರ್ಹರು ಯಾರೆಂದು ಅದಕ್ಕೇ ಗೊತ್ತಿರುವಾಗ ಜನ ಹುಡುಕಾಡುವುದೇಕೆ?

ಬಂದ ಬರ್ತ್ ಎಂಥದ್ದು ಎಂದು ಸಂಖ್ಯೆಯಿಂದಲೇ ತಿಳಿಯಬಹುದು. ಸ್ಲೀಪರ್, ಥರ್ಡ್ ಎಸಿಯಲ್ಲಿ ಸಂಖ್ಯೆಯನ್ನು 8ರಿಂದ ಭಾಗಿಸಿ: ಶೇಷ 1 ಅಥವಾ 4 ಆದರೆ ಲೋಯರ್, 2 ಅಥವಾ 5 ಮಿಡಲ್, 3 ಅಥವಾ 6 ಅಪ್ಪರ್, 7 ಸೈಡ್ ಲೋಯರ್, ಶೇಷವಿಲ್ಲದಿದ್ದರೆ ಸೈಡ್ ಅಪ್ಪರ್. ಸೆಕೆಂಡ್ ಎಸಿಗೆ ಆರರ ಲೆಕ್ಕ: 1, 3 ಲೋಯರ್, 2, 4 ಅಪ್ಪರ್, 5 ಸೈಡ್ ಲೋಯರ್, ಆರರಿಂದ ಪೂರ್ತಿ ಭಾಗವಾದರೆ ಸೈಡ್ ಅಪ್ಪರ್. 80 ಬರ್ತ್‌ನ ಎಲ್‌ಎಚ್‌ಬಿ (ಹೊಸ ಮಾದರಿಯ ಬೋಗಿ) ಸ್ಲೀಪರ್‌ನಲ್ಲಿ 1–8 ಮತ್ತು 73–80 ಬಾಗಿಲು, ಶೌಚಾಲಯದ ಪಕ್ಕದವು. ಇಷ್ಟವಾಗಲಿಲ್ಲ ಎಂದು ವೆಬ್‌ಸೈಟಿನಲ್ಲಿ ಬದಲಿಸಲು ದಾರಿಯಿಲ್ಲ. ಉಳಿದದ್ದು ರದ್ದು ಮಾಡಿ ಮತ್ತೆ ಮಾಡುವುದು, ಅದಕ್ಕೆ ಸ್ಲೀಪರ್‌ನಲ್ಲಿ ತಲಾ ಕನಿಷ್ಠ 120, ಥರ್ಡ್ ಎಸಿಯಲ್ಲಿ 180 ರೂಪಾಯಿ ಮತ್ತು ಜಿಎಸ್‌ಟಿ ಕಡಿತವಾಗುತ್ತದೆ. ಹೊಸ ಟಿಕೆಟ್‌ನಲ್ಲಿ ಇನ್ನೂ ಕೆಟ್ಟ ಬರ್ತ್ ಬಂದರೆ ಯಾರನ್ನೂ ಕೇಳುವಂತಿಲ್ಲ. ಫಸ್ಟ್ ಎಸಿಯವರಿಗಂತೂ ಬುಕಿಂಗ್ ಸಮಯದಲ್ಲಿ ಸಂಖ್ಯೆಯೇ ಬರುವುದಿಲ್ಲ. ಇಬ್ಬರ ಕೂಪೆಯೋ ನಾಲ್ವರ ಕ್ಯಾಬಿನ್ನೋ ಎಂಬುದು ಚಾರ್ಟ್ (ಯಾರಿಗೆ ಯಾವ ಬರ್ತ್ ಎಂಬ ಪಟ್ಟಿ) ಆದ ಮೇಲೆ ಗೊತ್ತಾಗುತ್ತದೆ.

ಇನ್ನು ಆಟೋ ಅಪ್‌ಗ್ರೇಡ್. ಇದರಷ್ಟು ತಪ್ಪು ತಿಳಿವಳಿಕೆ ಬೇರೆ ಯಾವ ಚೌಕಕ್ಕೂ ಇಲ್ಲ. ಪದೇ ಪದೇ ಪ್ರಯಾಣಿಸುವವರಿಗೆ ಕೊಡುವ ಬಹುಮಾನ ಇದಲ್ಲ. ಚಾರ್ಟ್ ಸಿದ್ಧವಾಗುವಾಗ ಮೇಲಿನ ದರ್ಜೆಯಲ್ಲಿ ಬರ್ತ್ ಖಾಲಿ ಬಿದ್ದು, ಕೆಳಗಿನದರಲ್ಲಿ ವೇಟಿಂಗ್ ಇದ್ದರೆ, ಪೂರ್ತಿ ದರ ಕೊಟ್ಟ ಕೆಲವರನ್ನು ಮೇಲಕ್ಕೆ ಕಳಿಸಿ ಅವರ ಜಾಗವನ್ನು ವೇಟಿಂಗ್‌ನವರಿಗೆ ಕೊಡುತ್ತಾರೆ. ಹೆಚ್ಚುವರಿ ಹಣವಿಲ್ಲ, ಪಿಎನ್‌ಆರ್ ಅದೇ ಇರುತ್ತದೆ, ಕೋಚ್ ಮತ್ತು ಬರ್ತ್ ಬದಲಾಗುತ್ತವೆ. ರಿಯಾಯಿತಿ ಟಿಕೆಟ್, ಪಾಸ್‌ನವರಿಗೆ ಇಲ್ಲ. 2025ರ ನಿಯಮದಂತೆ ಎರಡು ದರ್ಜೆ ಮೇಲಿನವರೆಗೆ ಹೋಗಬಹುದು, ಫಸ್ಟ್ ಎಸಿಗೆ ಮಾತ್ರ ಸೆಕೆಂಡ್ ಎಸಿಯಿಂದಷ್ಟೇ. ದೀಪಾವಳಿ, ದಸರಾದ ನೂಕುನುಗ್ಗಲಿನಲ್ಲಿ ಎಸಿಯಲ್ಲೇ ವೇಟಿಂಗ್ ಇರುವುದರಿಂದ ಆಗ ಇದರ ಆಸೆ ಬೇಡ.

ಪುಕ್ಕಟೆ ಸಿಕ್ಕಿದ್ದು ಬಿಡುವುದೇಕೆ ಎಂದು ಕಣ್ಣುಮುಚ್ಚಿ ಟಿಕ್ ಮಾಡುವವರು ಎರಡು ಸಂಗತಿ ಯೋಚಿಸಬೇಕು. ಮೇಲಿನ ದರ್ಜೆಯಲ್ಲಿ ಅದೇ ಬಗೆಯ ಬರ್ತ್ ಸಿಗುವ ಖಾತ್ರಿಯಿಲ್ಲ. ಸ್ಲೀಪರ್‌ನಲ್ಲಿ ಲೋಯರ್ ಕನ್ಫರ್ಮ್ ಆಗಿದ್ದ ಅಜ್ಜಿಗೆ ಥರ್ಡ್ ಎಸಿಯ ಅಪ್ಪರ್ ಬಂದರೆ ತಣ್ಣನೆ ಗಾಳಿ, ಹೊದಿಕೆ ಇದ್ದೂ ಏಣಿ ಹತ್ತುವವರು ಯಾರು? ಇನ್ನೊಂದು, ಒಂದು ಪಿಎನ್‌ಆರ್‌ನಲ್ಲಿರುವವರು ಒಟ್ಟಿಗೇ ಮೇಲೆ ಹೋಗುತ್ತಾರೆ, ಆದರೆ ಎರಡು ಪಿಎನ್‌ಆರ್‌ಗಳಲ್ಲಿ ಹೊರಟ ಕುಟುಂಬದ ಒಂದು ಪಾಲು ಎಸಿಗೆ ಏರಿ ಇನ್ನೊಂದು ಸ್ಲೀಪರ್‌ನಲ್ಲೇ ಉಳಿಯಬಹುದು. ಮೇಲೆ ಹೇಳಿದ ಎರಡು ಟಿಕೆಟ್‌ನ ಉಪಾಯ ಮಾಡಿದವರು ಎರಡರಲ್ಲೂ ಈ ಚೌಕವನ್ನು ಖಾಲಿ ಬಿಡಲೇಬೇಕು. ಟಿಕ್ ಮಾಡಿದವರು ಹಳೆಯ ಮೆಸೇಜ್ ನಂಬಿ ಎಸ್5ಕ್ಕೆ ಹತ್ತಬೇಡಿ. ಅಲ್ಲಿ ವೇಟಿಂಗ್‌ನಿಂದ ಬಂದವರು ಕೂತಿರುತ್ತಾರೆ. ಚಾರ್ಟ್ ಆದ ಮೇಲೆ ಪಿಎನ್‌ಆರ್ ಇನ್ನೊಮ್ಮೆ ನೋಡಿಕೊಂಡೇ ನಿಲ್ದಾಣಕ್ಕೆ ಹೊರಡಿ.

ವ್ಯತ್ಯಾಸದ ಹಣ ಕೊಡುತ್ತೇನೆ, ಎಸಿ ಕೊಡಿ ಎನ್ನುವವರಿಗೆ ವೆಬ್‌ಸೈಟಿನಲ್ಲಿ ಏನೂ ಇಲ್ಲ. ಈ ಸೇವೆಯ ಅತಿ ದೊಡ್ಡ ಕೊರತೆ ಇದೇ. ದುಡ್ಡು ಕೊಡಲು ಸಿದ್ಧರಿರುವ ಗಿರಾಕಿಯನ್ನು ರೈಲು ಹತ್ತಿ ಟಿಟಿಇಯನ್ನು (ಟಿಕೆಟ್ ತಪಾಸಣೆ ಮಾಡುವವರನ್ನು) ಹುಡುಕಿಕೊಂಡು ಹೋಗು ಎನ್ನುತ್ತದೆ. ಬರ್ತ್ ಖಾಲಿ ಇದ್ದರೆ ಅವರು ದರದ ವ್ಯತ್ಯಾಸ ಪಡೆದು ರಸೀದಿ ಕೊಡುತ್ತಾರೆ.

‘ವಿಕಲ್ಪ್’ ಅನ್ನುವುದನ್ನೂ ಅಪ್‌ಗ್ರೇಡ್ ಜೊತೆ ಗೊಂದಲ ಮಾಡಿಕೊಳ್ಳುವವರಿದ್ದಾರೆ. ಅದು ವೇಟಿಂಗ್‌ನವರನ್ನು ಬೇರೆ ರೈಲಿಗೆ ಕಳಿಸುವ ಯೋಜನೆ. ಆ ರೈಲು ಹತ್ತಿರದ ಇನ್ನೊಂದು ನಿಲ್ದಾಣದಿಂದ ಹೊರಡಬಹುದು: ಮೆಜೆಸ್ಟಿಕ್‌ನಿಂದ ಎಂದುಕೊಂಡವರು ಯಶವಂತಪುರಕ್ಕೋ ಬೈಯಪ್ಪನಹಳ್ಳಿಗೋ ಓಡಬೇಕಾದೀತು. ಬರ್ತ್ ಸಿಕ್ಕ ಮೇಲೆ ಬೇಡವೆಂದರೆ ಕನ್ಫರ್ಮ್ ಟಿಕೆಟ್‌ನ ರದ್ದತಿ ನಿಯಮವೇ ಅನ್ವಯ.

ಎಲ್ಲಕ್ಕಿಂತ ಕಿರಿಕಿರಿ ಮಾಡುವ ಸಂಗತಿ ಮುಂದಿದೆ. 2019ರಿಂದ ಇದೇ ವೆಬ್‌ಸೈಟಿನಲ್ಲಿ ‘ಚಾರ್ಟ್ಸ್/ವೇಕೆನ್ಸಿ’ ಎಂಬ ಪುಟವಿದೆ. ರೈಲಿನ ಸಂಖ್ಯೆ, ದಿನಾಂಕ, ಹತ್ತುವ ನಿಲ್ದಾಣ ಕೊಟ್ಟರೆ ಬೋಗಿ ಬೋಗಿಯ ನಕ್ಷೆ ತೆರೆದು, ಯಾವ ಬರ್ತ್ ಎಲ್ಲಿಂದ ಎಲ್ಲಿಯವರೆಗೆ ಖಾಲಿ ಎಂದು ತೋರಿಸುತ್ತದೆ. ಅಂದರೆ ತುಂಡು ತುಂಡಾಗಿ ಮಾರಿದ ಬರ್ತ್‌ಗಳನ್ನು ನಕ್ಷೆಯಲ್ಲಿ ತೋರಿಸುವುದು ಅಸಾಧ್ಯವೇನಲ್ಲ, ಮಾಡಿಟ್ಟಿದ್ದಾರೆ. ಆದರೆ ಚಾರ್ಟ್ ಆದ ಮೇಲೆ ಮಾತ್ರ, ಆರಿಸುವ ಹೊತ್ತು ಮುಗಿದ ಮೇಲೆ. ಮೀಸಲಾತಿ ವ್ಯವಸ್ಥೆಯನ್ನು ಹೊಸದಾಗಿ ಕಟ್ಟುತ್ತಿದ್ದೇವೆ, ಅದರಲ್ಲಿ ಇಷ್ಟದ ಸೀಟು ಸೂಚಿಸಬಹುದು ಎಂದು ರೈಲ್ವೆ ಸಚಿವಾಲಯ 2025ರ ಮಧ್ಯದಲ್ಲಿ ಹೇಳಿತ್ತು. ಅದು ಇನ್ನೊಂದು ಡ್ರಾಪ್‌ಡೌನ್ ಪಟ್ಟಿಯಾದರೆ ಪ್ರಯೋಜನವಿಲ್ಲ, ಈ ನಕ್ಷೆಯನ್ನೇ ಬುಕಿಂಗ್ ಪುಟಕ್ಕೆ ತರಬೇಕು.

ಅಲ್ಲಿಯವರೆಗೆ ಆ ಪುಟವನ್ನು ಹೀಗೆ ಬಳಸಿಕೊಳ್ಳಿ. ಮೊದಲ ಚಾರ್ಟ್ ರೈಲು ಹೊರಡುವ 4 ಗಂಟೆ ಮುಂಚೆ ಆಗುತ್ತಿದ್ದುದು 2025ರಲ್ಲಿ 8 ಗಂಟೆ ಅಥವಾ ಅದಕ್ಕೂ ಹಿಂದಕ್ಕೆ ಸರಿದಿದೆ, ಬೆಳಗಿನ ರೈಲುಗಳಿಗೆ ಹಿಂದಿನ ರಾತ್ರಿಯೇ ಆಗುತ್ತದೆ. ಆಗ ನಿಮ್ಮ ಕೋಚ್ ತೆರೆದು, ನೀವು ಹತ್ತಿ ಇಳಿಯುವ ದೂರ ಪೂರ್ತಿ ಖಾಲಿ ಇರುವ ಲೋಯರ್ ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳಿ. ಮಿಡಲ್ ಅಥವಾ ಅಪ್ಪರ್ ಬಂದಿರುವ ಹಿರಿಯರು, ಗರ್ಭಿಣಿಯರು, ಅಂಗವಿಕಲರಿಗೆ ಖಾಲಿ ಲೋಯರ್ ಕೊಡುವ ಅಧಿಕಾರ ಟಿಟಿಇಗೆ ಇದೆ. ‘ಎಲ್ಲಾದರೂ ಲೋಯರ್ ಇದ್ದರೆ ನೋಡಿ ಸಾರ್’ ಎನ್ನುವುದಕ್ಕಿಂತ ‘28 ಹುಬ್ಬಳ್ಳಿವರೆಗೆ ಖಾಲಿ ಇದೆ, ಅಮ್ಮನಿಗೆ 70 ವರ್ಷ’ ಎಂದು ವಯಸ್ಸಿನ ಗುರುತಿನ ಚೀಟಿ ಮುಂದಿಟ್ಟರೆ ಕೆಲಸ ಬೇಗ ಆಗುತ್ತದೆ. ಹೊರಡುವ ಅರ್ಧ ಗಂಟೆ ಮುಂಚೆ ಎರಡನೇ ಚಾರ್ಟ್ ಬರುತ್ತದೆ, ಅದಕ್ಕೂ ಮೊದಲು ಕರೆಂಟ್ ಬುಕಿಂಗ್‌ನಲ್ಲಿ (ಮೊದಲ ಚಾರ್ಟ್ ಆದ ಮೇಲೆ ಉಳಿದ ಬರ್ತ್‌ಗಳ ಮಾರಾಟದಲ್ಲಿ) ಆ ಬರ್ತ್ ಹೋಗಿರಬಹುದು. ಹಾಗಾಗಿ ಪ್ಲಾಟ್‌ಫಾರಂನಲ್ಲಿ ನಿಂತು ಪುಟವನ್ನು ಇನ್ನೊಮ್ಮೆ ತೆರೆಯಿರಿ, ಎರಡು ಮೂರು ಸಂಖ್ಯೆಗಳು ಕೈಯಲ್ಲಿರಲಿ.