ನೈಪರ್‌ಗೆ ಸೇರುವ ಮುನ್ನ: ರ‍್ಯಾಂಕ್ ಪಟ್ಟಿಗಿಂತ ಲ್ಯಾಬ್ ಮುಖ್ಯ

ಬಿ.ಫಾರ್ಮ್ ಕೊನೆಯ ವರ್ಷದಲ್ಲಿ ಎಲ್ಲರ ಬಾಯಲ್ಲೂ ‘ನೈಪರ್’ ಅಂತ ಒಂದೇ ಹೆಸರು. ಫಾರ್ಮಸಿಯ ಸ್ನಾತಕೋತ್ತರ ಓದಿಗೆ ಹೋಗುವ ರಾಷ್ಟ್ರೀಯ ಔಷಧ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆ ಅದು. ಆದರೆ ಸಂಸ್ಥೆ ಒಂದಲ್ಲ, ಏಳು: ಮೊಹಾಲಿ, ಹೈದರಾಬಾದ್, ಅಹಮದಾಬಾದ್, ಕೋಲ್ಕತ್ತಾ, ಹಾಜಿಪುರ, ಗುವಾಹಟಿ, ರಾಯ್‌ಬರೇಲಿ. ಎಲ್ಲವೂ ಕೇಂದ್ರ ರಸಾಯನ ಮತ್ತು ರಸಗೊಬ್ಬರ ಸಚಿವಾಲಯದ ಔಷಧ ಇಲಾಖೆಯ ಕೆಳಗೆ ಬರುತ್ತವೆ. ಹಿರಿಯದು ಮೊಹಾಲಿ, ಅದಕ್ಕೆ 1998ರ ಕಾಯ್ದೆಯ ಬಲವಿದೆ. ಉಳಿದವು ಶುರುವಾದದ್ದು 2007–08ರಲ್ಲಿ. ಕರ್ನಾಟಕದಲ್ಲಿ ಒಂದೂ ಇಲ್ಲ. ನಮಗೆ ಹತ್ತಿರದ್ದು ಹೈದರಾಬಾದ್, ಬಾಲಾನಗರದಲ್ಲಿದೆ.

ಪ್ರವೇಶಕ್ಕೆ ಎರಡು ಹೊಸ್ತಿಲು. ಬಿ.ಫಾರ್ಮ್‌ನವರು ಮೊದಲು ಜಿಪ್ಯಾಟ್ (ಫಾರ್ಮಸಿ ಸ್ನಾತಕೋತ್ತರಕ್ಕೆ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ) ಪಾಸಾಗಬೇಕು, ಆಮೇಲೆ ನೈಪರ್ ಜೆಇಇ (ನೈಪರ್‌ಗಳದ್ದೇ ಜಂಟಿ ಪ್ರವೇಶ ಪರೀಕ್ಷೆ) ಬರೆಯಬೇಕು. ಸಾಮಾನ್ಯ ವರ್ಗಕ್ಕೆ ಪದವಿಯಲ್ಲಿ ಶೇ. 60 ಅಥವಾ 6.75 ಸಿಜಿಪಿಎ ಬೇಕು. ಜೆಇಇಯಲ್ಲಿ 2 ಗಂಟೆಗೆ 200 ಪ್ರಶ್ನೆ, ತಪ್ಪಿಗೆ ಕಾಲು ಭಾಗ ಕಡಿತ. ಒಂದು ಪ್ರಶ್ನೆಗೆ 36 ಸೆಕೆಂಡ್ ಮಾತ್ರ ಸಿಗುವುದರಿಂದ ಜಿಪ್ಯಾಟ್‌ಗೆ ಓದಿದ ನಿಧಾನ ಇಲ್ಲಿ ನಡೆಯದು. ಅಣುವಿನ ರಚನೆ ನೋಡಿದೊಡನೆ ಔಷಧದ ಗುಂಪು ಹೇಳುವಷ್ಟು ಮೆಡಿಸಿನಲ್ ಕೆಮಿಸ್ಟ್ರಿ ಕೈವಶವಾಗಿರಬೇಕು.

ನಮ್ಮ ಕಡೆಯ ಹುಡುಗರು ಎಡವುವುದು ಪರೀಕ್ಷೆಗಿಂತ ಹೆಚ್ಚಾಗಿ ಜಾತಿ ಪ್ರಮಾಣಪತ್ರದಲ್ಲಿ. ನಾಡಕಚೇರಿಯಲ್ಲಿ ತೆಗೆದ 2ಎ, 3ಎ ಪತ್ರ ರಾಜ್ಯದ ಸೀಟಿಗೆ ಮಾತ್ರ. ಇಲ್ಲಿಗೆ ಕೇಂದ್ರದ ಒಬಿಸಿ ಪಟ್ಟಿಯಲ್ಲಿ ಜಾತಿ ಇರಬೇಕು, ಕೇಂದ್ರದ ನಮೂನೆಯಲ್ಲಿ ಕೆನೆಪದರವಲ್ಲದ ಪತ್ರ ಇರಬೇಕು, ಅದೂ ಅಧಿಸೂಚನೆ ಹೇಳುವ ಅವಧಿಯೊಳಗಿನದು. ಅರ್ಜಿ ಹಾಕುವ ವಾರದಲ್ಲೇ ತಹಶೀಲ್ದಾರ್ ಕಚೇರಿಗೆ ಹೋದರೆ ಕೌನ್ಸೆಲಿಂಗ್ ಹೊತ್ತಿಗೆ ಪರದಾಡಬೇಕಾಗಿಲ್ಲ.

ಕೌನ್ಸೆಲಿಂಗ್ ಏಳಕ್ಕೂ ಒಟ್ಟಿಗೆ. ಕೇಂದ್ರ ಶಿಕ್ಷಣ ಸಚಿವಾಲಯದ ರ‍್ಯಾಂಕಿಂಗ್ ಆದ ಎನ್‌ಐಆರ್‌ಎಫ್‌ನ 2023ರ ಫಾರ್ಮಸಿ ಪಟ್ಟಿಯಲ್ಲಿ ಹೈದರಾಬಾದ್ ಮೊದಲು ಬಂದದ್ದೇ ತಡ, ಎಲ್ಲರ ಆಯ್ಕೆಯೂ ಅದೇ. ಊರು ಸಿಕ್ಕಿತೆಂದು ಬೇಡದ ವಿಭಾಗ ಹಿಡಿಯುವುದು ದಂಡ. ಫಾರ್ಮಾಕಾಲಜಿ (ಔಷಧ ದೇಹದಲ್ಲಿ ಹೇಗೆ ಕೆಲಸ ಮಾಡುತ್ತದೆಂಬ ಓದು) ಬೇಕಿದ್ದವರು ರೆಗ್ಯುಲೇಟರಿ ಅಫೇರ್ಸ್‌ನಲ್ಲಿ (ಔಷಧ ಅನುಮೋದನೆಯ ನಿಯಮಗಳ ಓದು) ಎರಡು ವರ್ಷ ಕೂರುವುದರಲ್ಲಿ ಅರ್ಥವಿಲ್ಲ. ವಿಭಾಗ ಮೊದಲು, ಊರು ಆಮೇಲೆ. ಕ್ಯಾಂಪಸ್ ಯಾವುದೆಂಬುದನ್ನೂ ಕೇಳಿಕೊಳ್ಳಿ: ರಾಯ್‌ಬರೇಲಿ ನೈಪರ್ ವರ್ಷಗಟ್ಟಲೆ ನಡೆದದ್ದು ಲಕ್ನೋದ ತಾತ್ಕಾಲಿಕ ಕ್ಯಾಂಪಸ್‌ನಲ್ಲಿ!

ಇನ್ನು ಇಲ್ಲಿಗೆ ಬರುವುದಕ್ಕೆ ನಿಜವಾದ ಕಾರಣ ಲ್ಯಾಬ್. ಬಹುಪಾಲು ಖಾಸಗಿ ಕಾಲೇಜುಗಳಲ್ಲಿ ಗಾಜಿನ ಬಾಗಿಲಾಚೆಯಿಂದ ನೋಡುವ ಎಲ್‌ಸಿ-ಎಂಎಸ್ (ಮಿಶ್ರಣ ಬೇರ್ಪಡಿಸಿ ಅಣುಗಳ ತೂಕ ಅಳೆಯುವ ಯಂತ್ರ), ಎನ್‌ಎಂಆರ್ (ಅಣುವಿನ ರಚನೆ ತಿಳಿಸುವ ಯಂತ್ರ) ಇಲ್ಲಿ ಪ್ರಬಂಧದ ಕೆಲಸಕ್ಕೆ ಸಿಗುತ್ತವೆ. ಸಿಗುತ್ತವೆ ಎಂದರೆ ಸರದಿಯಲ್ಲಿ. ನಾಲ್ಕು ಸೆಮಿಸ್ಟರ್‌ಗಳಲ್ಲಿ ಮೊದಲರ್ಧ ಪಾಠಕ್ಕೇ ಹೋಗುವುದರಿಂದ ಸಂಶೋಧನೆಗೆ ಉಳಿಯುವ ಕಾಲ ಕಡಿಮೆ, ಅದು ಸೋರಿಹೋಗುವ ಜಾಗಗಳೂ ಗೊತ್ತಿರುವಂಥವೇ. ಮಿಶ್ರಣವನ್ನು ಬೇರ್ಪಡಿಸುವ ಎಚ್‌ಪಿಎಲ್‌ಸಿ ಯಂತ್ರದಲ್ಲಿ ಫಾಸ್ಫೇಟ್ ಬಫರ್ (ಆಮ್ಲೀಯತೆ ಬದಲಾಗದಂತೆ ಕಾಯುವ ದ್ರಾವಣ) ಹಾಕಿ ಚೆಂದದ ಪೀಕ್ ತೆಗೆದಿರುತ್ತಾರೆ. ಅದೇ ವಿಧಾನ ಎಲ್‌ಸಿ-ಎಂಎಸ್‌ಗೆ ಹೋಗದು: ಫಾಸ್ಫೇಟ್ ಆವಿಯಾಗುವುದಿಲ್ಲ, ಅಣುಗಳಿಗೆ ವಿದ್ಯುದಾವೇಶ ಕೊಡುವ ಅಯಾನ್ ಸೋರ್ಸ್‌ನಲ್ಲಿ ಉಪ್ಪಾಗಿ ಕೂರುತ್ತದೆ, ಸಿಗ್ನಲ್ ಬಿದ್ದುಹೋಗುತ್ತದೆ. ಅಮೋನಿಯಂ ಫಾರ್ಮೇಟ್ ಅಥವಾ ಅಸಿಟೇಟ್‌ಗೆ ಬದಲಿಸಿ ಎಲ್ಲವನ್ನೂ ಹೊಸದಾಗಿ ಮಾಡಬೇಕು. ಮುಂದೆ ಎಲ್‌ಸಿ-ಎಂಎಸ್‌ನಲ್ಲಿ ಮಾಸ್ (ಅಣುತೂಕ) ನೋಡುವುದಿದ್ದರೆ ಮೊದಲ ದಿನವೇ ಆವಿಯಾಗುವ ಬಫರ್ ಹಿಡಿಯಿರಿ. ಸ್ಯಾಂಪಲ್ 0.22 ಮೈಕ್ರಾನ್ ಫಿಲ್ಟರ್ ಹಾಯಿಸಿ ಕೊಡಿ. ಬಫರ್ ಇದ್ದಂತೆಯೇ ಪಂಪ್ ನಿಲ್ಲಿಸಿ ಊಟಕ್ಕೆ ಹೋದರೆ ಮಿಶ್ರಣ ಬೇರ್ಪಡುವ ಕೊಳವೆಯಾದ ಕಾಲಮ್‌ನಲ್ಲಿ ಹರಳು ಕಟ್ಟುತ್ತದೆ, ಮರುದಿನ ಪ್ರೆಶರ್ ಏರಿ ಕೂರುತ್ತದೆ, ಆಪರೇಟರ್ ಮುಖವೂ.

ಪ್ರಾಣಿ ಪ್ರಯೋಗವಿದ್ದರೆ ಸಾಂಸ್ಥಿಕ ನೈತಿಕ ಸಮಿತಿಯ ಅನುಮತಿ ಇಲ್ಲದೆ ಇಲಿ ಮುಟ್ಟುವಂತಿಲ್ಲ. ಸಮಿತಿ ಬೇಕೆಂದಾಗ ಕೂರುವುದಿಲ್ಲ, ಹಾಗಾಗಿ ಪ್ರೋಟೋಕಾಲ್ ಎರಡನೇ ಸೆಮಿಸ್ಟರ್‌ನಲ್ಲೇ ಬರೆದಿಡುವುದು ಲೇಸು. ರಾಸಾಯನಿಕಗಳದ್ದೂ ಅದೇ ಕಥೆ. ಸರ್ಕಾರಿ ಖರೀದಿಯಾದ್ದರಿಂದ ಕೊಟೇಶನ್, ಮಂಜೂರಾತಿ ಎಲ್ಲ ದಾಟಿ ಬರಬೇಕು. ಹೊರದೇಶದ ರೆಫರೆನ್ಸ್ ಸ್ಟ್ಯಾಂಡರ್ಡ್ (ಹೋಲಿಕೆಗೆ ಬೇಕಾದ ಶುದ್ಧ ಮಾದರಿ) ಆದರೆ ತಿಂಗಳುಗಳೇ ಹಿಡಿಯಬಹುದು.

ಎಂ.ಎಸ್. (ಫಾರ್ಮ್), ಎಂ.ಫಾರ್ಮ್ ವಿದ್ಯಾರ್ಥಿಗಳಿಗೆ ತಿಂಗಳಿಗೆ 12,400 ರೂಪಾಯಿ ಸ್ಟೈಪೆಂಡ್ ಇದೆ, ಎಂಬಿಎಗೆ ಇಲ್ಲ. ಪ್ರವೇಶದ ಶುಲ್ಕವನ್ನು ಮಾತ್ರ ಮೊದಲೇ ಹೊಂದಿಸಿಕೊಳ್ಳಬೇಕು.

ಪ್ಲೇಸ್‌ಮೆಂಟ್ ಬಗ್ಗೆ ಕೇಳುವಾಗ ಸಂಸ್ಥೆಯ ಒಟ್ಟು ಶೇಕಡಾವಾರು ಕೇಳಬೇಡಿ, ಅದು ಯಾರಿಗೂ ಉಪಯೋಗವಿಲ್ಲದ ಅಂಕಿ. ನಿಮ್ಮ ವಿಭಾಗದ ಹಿಂದಿನ ಎರಡು ಬ್ಯಾಚ್‌ನವರು ಎಲ್ಲಿದ್ದಾರೆ, ಆರ್ ಅಂಡ್ ಡಿಯಲ್ಲೋ, ಕ್ವಾಲಿಟಿ ಕಂಟ್ರೋಲ್‌ನಲ್ಲೋ, ಪಿಎಚ್‌ಡಿಯಲ್ಲೋ ಎಂದು ಸೀನಿಯರ್‌ಗಳನ್ನೇ ವಿಚಾರಿಸಿ. ಜೊತೆಗೆ, ಬೇಕಾದ ಗೈಡ್ ಬಳಿ ಆ ವರ್ಷ ಎಷ್ಟು ಸೀಟು ಖಾಲಿ ಎಂಬುದನ್ನೂ.